ಎಡಜೇಬಿನ ತೂಕ

ಕೂಸಿನ ಎಡಗಡೆಯ ಜೇಬು ಯಾಕೆ ಹಾಗೆ ಜೋತುಬಿದ್ದಿದೆ — ಸರ್ವೆಗೆ ಬಂದ ಸಂಘಮಿತ್ರಾಳ ಕಣ್ಣು ಅಲ್ಲಿ ಒಂದು ಕ್ಷಣ ನಿಂತು ಮತ್ತೆ ಟ್ಯಾಬಿಗೆ ಇಳಿಯಿತು, ಟ್ಯಾಬಿನಲ್ಲಿ ಎರಡು ಕಾಲಂ, ಕಂಪ್ಲಿಯ ಕಾಲುವೆ ಕಡೆಯ ಮಕ್ಕಳು, ಯಶವಂತನಗರದ ಗಣಿ ಕಡೆಯ ಮಕ್ಕಳು, ಯಾರ ತೂಕ ಎಷ್ಟು, ಯಾರು ಐದು ಎಣಿಸುವವರೆಗೆ ಒಂಟಿಕಾಲಲ್ಲಿ ನಿಂತರು, ಉಚ್ಚೆಂಗಮ್ಮ, ನಾಲ್ಕು ವರ್ಷ, ಎರಡು ಎನ್ನುವಷ್ಟರಲ್ಲಿ ಎಡಕ್ಕೆ ವಾಲಿ ಅಂಗನವಾಡಿಯ ಚಾಪೆಯ ಮೇಲೆ ಬಿದ್ದಿದ್ದಾಳೆ, ಬಿದ್ದಲ್ಲೇ ನಗುತ್ತಿದ್ದಾಳೆ, ತೂಕ ಮಾತ್ರ ಹನ್ನೆರಡು ಕಿಲೋ ಎಂಟುನೂರು, ಹಸಿರು ಗೆರೆ, ಅಂದರೆ ಸಣಕಲು ಮಕ್ಕಳ ಪಟ್ಟಿಯಿಂದ ಹೆಸರು ಹೊರಗೆ, ನಾಳೆಯಿಂದ ಹೆಚ್ಚಿನ ಮೊಟ್ಟೆ ಬಂದ್, ಒಳ್ಳೆಯ ಸುದ್ದಿಯೇ, ಆದರೆ ಬಳೆ ಮೊಣಕೈ ದಾಟಿ ತೋಳಿಗೆ ಜಾರುವ ಈ ಕೈಯಲ್ಲಿ ಹನ್ನೆರಡು ಕಿಲೋ ಎಲ್ಲಿ ಕೂತಿದೆ, ಮುಖದಲ್ಲಂತೂ ಇಲ್ಲ. ಫೋನಿನಲ್ಲಿ ಸೂಪರ್‌ವೈಸರ್ ಈಶ್ವರ್, ಕಳಿಸಿಬಿಡ್ರಿ ಮೇಡಂ ಜಲ್ದಿ, ಗಣಿ ಕಡಿ ಹುಡುಗ್ರು ತೂಕದಾಗ ಮಸ್ತ್, ಬ್ಯಾಲೆನ್ಸಿನ್ಯಾಗ ವೀಕ್, ಭಾಳ ಇಂಟ್ರೆಸ್ಟಿಂಗ್ ಐತಿ — ಪ್ರತಿ ಮಾತಿಗೂ ಮುಂಚೆ ಸ್ಟಾರ್ಟಾಗದ ಲಾರಿಯ ಹಾಗೆ ಖೊರ್ ಎನ್ನುವ ಆ ಗಂಟಲನ್ನು ಅವಳು ಮನಸ್ಸಿನೊಳಗೇ ಒಮ್ಮೆ ಅಣಕಿಸಿ ಸಮಾಧಾನಪಟ್ಟುಕೊಂಡಳು, ಅಣಕಿಸುವುದು ಕಲಿತದ್ದೇ ಈ ಕೋಣೆಯಲ್ಲಿ, ತಾಯಕ್ಕನಿಂದ, ಆಗ ಮಕ್ಕಳಿಗೆ ಉಂಡೆ ಹಂಚುತ್ತಿದ್ದ ತಾಯಕ್ಕ, ಈಗ ತಲೆ ಬೆಳ್ಳಗಾಗಿ, ನಮ್ಮ ಹುಡುಗಿ ಮೇಡಂ ಆಗಿ ಬಂದಾಳಂತ, ನೋಡಾಣ ಎಂದು ಬಂದು ಹೊಸ್ತಿಲ ಮೇಲೆ ಎಲೆಅಡಿಕೆ ಮೆಲ್ಲುತ್ತ ಕೂತಿದ್ದಾಳೆ, ಏನೂ ತಿಳಿಯದವಳ ಹಾಗೆ.

ಸಂಘಮಿತ್ರಾ ಇಲ್ಲಿಯೇ ಕೂಸಾಗಿದ್ದಾಗ ಈ ತೊಲೆಗೆ ಮುಳ್ಳಿನ ತಕ್ಕಡಿ, ಮಕ್ಕಳನ್ನು ಬಟ್ಟೆಯ ಚಡ್ಡಿಯೊಳಗೆ ಕೂರಿಸಿ ಸೋರೆಕಾಯಿಯಂತೆ ನೇತುಹಾಕುತ್ತಿದ್ದರು, ರಜಕ್ಕೆ ಬಂದ ಅತ್ತೆಯ ಮಗಳು ಪಲ್ಲವಿ, ಕಂಪ್ಲಿಯ ಅನ್ನ ಉಂಡು ಗುಂಡಗಾದವಳು, ನಾ ಹದಿನೈದು ಕಿಲೋ, ನೀ ಕೋಳಿಮರಿ ಎಂದಿದ್ದಳು, ಆ ಸಿಟ್ಟಿಗೆ ಸಂಘಮಿತ್ರಾ ಲಾರಿಯಿಂದ ಉದುರಿದ ಅದಿರುಕಲ್ಲು ಆರಿಸಿ ಜೇಬಿಗೆ ತುಂಬಿಕೊಂಡು ತೂಗಿಕೊಂಡಳು, ಮುಳ್ಳು ಜಿಗಿಯಿತು, ಡಾಕ್ಟರು ಬೆರಗಾದರು, ತಾಯಕ್ಕ ಸೆರಗು ಸರಿಮಾಡಿಕೊಂಡು, ಎಲ್ಲಾ ನನ್ನ ಉಂಡಿ ಗುಣ್ರಿ ಸಾಹೇಬ್ರ, ಎಂದು ಹೇಳಿ ಮುಗಿಸುವ ಮೊದಲೇ ಜೇಬು ಹರಿದು ಕೆಂಪು ಕಲ್ಲು ಟಣಟಣ ಉದುರಿದವು, ಒಂದು ಡಾಕ್ಟರರ ಬೂಟಿನ ಮೇಲೆ, ತಾಯಕ್ಕನ ಮುಖ ಕೆಂಪಾಯಿತು, ಆಮೇಲೆ ಅವಳೇ ನಕ್ಕಳು, ಡಾಕ್ಟರಿಗಿಂತ, ಮಕ್ಕಳಿಗಿಂತ ಜೋರಾಗಿ, ಮರುದಿನದಿಂದ ಕೋಳಿಮರಿಯ ಕೈಗೆ ಒಂದರ ಬದಲು ಎರಡು ಉಂಡೆ, ಆ ಬೆಲ್ಲದ ವಾಸನೆ ಈಗಲೂ ಈ ಗೋಡೆಯಲ್ಲಿ ಇದೆ, ಕೆಂಧೂಳಿನ ಜೊತೆಗೆ — ಹರಿದ ಜೇಬು, ಜೋತ ಜೇಬು, ಬೆರಳು ಕಳಿಸು ಎಂಬ ಗುಂಡಿಯ ಮೇಲೆಯೇ ನಿಂತಿದೆ, ಒತ್ತಿದರೆ ಮುಗಿಯಿತು, ಉಚ್ಚೆಂಗಿ, ಬಾರವ್ವ ಇಲ್ಲಿ, ಜೇಬಿನ್ಯಾಗ ಏನೈತಿ, ಕಲ್ಲ್ರಿ, ಯಾರು ಹಾಕಿದ್ದು, ಅಜ್ಜಿ. ಹೊಸ್ತಿಲ ಮೇಲಿನ ಅಜ್ಜಿ, ತಾಯಕ್ಕ, ಬೀದಿ ಕಡೆ ನೋಡುತ್ತ, ಥೇಟ್ ಸಂಘಮಿತ್ರಾಳ ಸರ್ವೆ ದನಿಯಲ್ಲಿ, ದಯವಿಟ್ಟು ಮಗುವನ್ನು ನೇರವಾಗಿ ನಿಲ್ಲಿಸಿ, ಎಂದಳು, ಆಮೇಲೆ ತನ್ನ ದನಿಗೆ ಮರಳಿ, ಇಪ್ಪತ್ತೆರಡು ವರ್ಷ ಕಾದೀನಿ ನೋಡು ಮಿತ್ರಾ, ಮಿಷನ್ ನಂಬ್ತಿಯೋ, ಕೂಸಿನ ಕೈ ನೋಡ್ತಿಯೋ ಅಂತ, ಮಕ್ಕಳು ನಕ್ಕರು, ತಾಯಕ್ಕ ನಕ್ಕಳು, ಸಂಘಮಿತ್ರಾಳ ನಗು ಎಲ್ಲರನ್ನೂ ಮೀರಿ ತೊಲೆ ಮುಟ್ಟಿತು, ಫೋನಿನಲ್ಲಿ ಈಶ್ವರ್ ಖೊರ್, ಏನಾತ್ರಿ ಮೇಡಂ, ಅವಳು ನಗುತ್ತಲೇ ಕಲ್ಲು ತೆಗೆದು ಕೂಸನ್ನು ಮತ್ತೆ ತೂಗಿದಳು, ಹನ್ನೊಂದು ಕಿಲೋ ಒಂಬೈನೂರು, ಕೆಂಪು ಗೆರೆ, ಮೊಟ್ಟೆ ಉಳಿಯಿತು, ಉಚ್ಚೆಂಗಿ ಒಂಟಿಕಾಲಲ್ಲಿ, ಮೂರು, ನಾಲ್ಕು, ಐದು, ಆರು, ಅಲುಗಾಡದೆ, ಎಡಗಡೆಯ ಜೇಬು ಹೊರಗೆ ಎಳೆದದ್ದು ಹಾಗೇ, ಅಣಕಿಸಿ ಚಾಚಿದ ಪುಟ್ಟ ಕೆಂಪು ನಾಲಿಗೆಯ ಹಾಗೆ, ಆ ಜೇಬು.