ವರನಿಗೆ ಕೇಳಿದ ಸಂಖ್ಯೆ

ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಬಸ್ಸಿಗೆ ಸಿಂಧನೂರು ಎಂದು ಬೋರ್ಡು ಹಾಕಿದ್ದರೂ ಕಂಡಕ್ಟರನನ್ನು ಕೇಳಿಯೇ ಹತ್ತುವವನು ನಾನು. ಹೋದ ವರ್ಷ ಮಸ್ಕಿಯ ಗೆಳೆಯ ತಾಯಪ್ಪ, ಕಾಲೇಜಿನಲ್ಲಿ ಲೆಕ್ಚರರ್ ಎಂದು ಹೇಳಿಕೊಂಡವನಿಗೆ ಮಗಳನ್ನು ಕೊಟ್ಟ. ಆ ಅಳಿಯ ಕಾಲೇಜಿಗೆ ಹೋಗಿದ್ದು ಫೇಲಾಗುವುದಕ್ಕೆ ಮಾತ್ರ ಎಂಬುದು ಮದುವೆಯಾದ ಮೇಲೆ ಗೊತ್ತಾಯಿತು. ಹುಡುಗಿ ಈಗ ತವರಿನಲ್ಲಿದ್ದಾಳೆ.

ಹಾಗಾಗಿ ನನ್ನ ಅಕ್ಕ ಯಮನಮ್ಮನ ಮಗಳು ರೂಪಾಳನ್ನು ನೋಡಲು ಲಿಂಗಸುಗೂರಿನಿಂದ ವಿರೇಶ ಎಂಬ ಗಣಿತದ ಲೆಕ್ಚರರ್ ಅಕ್ಕನ ಊರಾದ ವಳಕಮದಿನ್ನಿಗೆ ಬರುತ್ತಾನೆಂದಾಗ ನನಗೆ ಕಸಿವಿಸಿ. ತಂದೆಯಿಲ್ಲದ ಹುಡುಗಿ. ಮೋಸ ಹೋದರೆ ಸೋದರಮಾವ ನಾನು ಅಕ್ಕನಿಗೆ ಹೇಗೆ ಮುಖ ತೋರಿಸಲಿ? ರೂಪಾ ಸಿಂಧನೂರಿನ ಹೈಸ್ಕೂಲಿನಲ್ಲಿ ಗಣಿತವನ್ನೇ ಕಲಿಸುತ್ತಾಳೆ.

"ನೀನ ಒಂದು ಪ್ರಶ್ನಿ ಕೇಳವಾ. ಖೊಟ್ಟಿ ಇದ್ರ ಅಲ್ಲೇ ಗೊತ್ತಾಗತೈತಿ," ಎಂದು ಅವಳಿಗೆ ಹೇಳಿದೆ.

ಹುಡುಗ ಮಂಡಾಳ ಒಗ್ಗರಣೆ ತಿಂದು ಮುಗಿಸಿದ. ಬೆರಳಲ್ಲಿ ಸೀಮೆಸುಣ್ಣದ ಗುರುತೇ ಇಲ್ಲ. ನನ್ನ ಸಂಶಯ ಬಲಿಯಿತು. ವಾಡಿಕೆಯಂತೆ ಅವನ ಅಪ್ಪ ಹುಡುಗಿಯ ಹೆಸರು ಕೇಳಿದರು. ರೂಪಾ ಹೆಸರು ಹೇಳಿ, ವಿರೇಶನ ಮುಂದೊಂದು ಚೀಟಿ ಇಟ್ಟಳು. ಅದರಲ್ಲಿ 73939133 ಎಂದಿತ್ತು.

"ಈ ಸಂಖ್ಯೆದಾಗ ಏನ್ ವಿಶೇಷ ಐತ್ರಿ?"

ಅವನು ಜೇಬಿಗೆ ಕೈ ಹಾಕಿದ. "ಫೋನ್ ಇಲ್ಲಿ ಕೊಡ್ರಿ," ಎಂದು ನಾನು ಕೈಚಾಚಿದೆ. ತೆಗೆದದ್ದು ಪೆನ್ನು. ಫೋನನ್ನೂ ಕೊಟ್ಟ.

ಅಂಕಿಗಳನ್ನು ಕೂಡಿಸಿದ, ಮೂವತ್ತೆಂಟು ಬಂತು. "ಮೂರರಿಂದ ಭಾಗ ಹೋಗಂಗಿಲ್ಲ," ಎಂದ. ಏಳು, ಹನ್ನೊಂದು, ಹದಿಮೂರು, ಯಾವುದರಿಂದಲೂ ಹೋಗಲಿಲ್ಲ. "ಯಾವುದರಿಂದನೂ ಒಡೀಲಾರದ ಅವಿಭಾಜ್ಯ ಸಂಖ್ಯೆ ಇರಬಹುದ್ರಿ. ಖರೇ ಹೇಳಬೇಕಂದ್ರ ಎಂಟು ಸಾವಿರ ದಾಟೋತನಕ ಭಾಗಿಸಿ ನೋಡಬೇಕು. ನನಗ ಗೊತ್ತಿಲ್ರಿ."

ಗೊತ್ತಿಲ್ಲವಂತೆ! ಸಿಕ್ಕಿಬಿದ್ದ ಎಂದು ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಅವಳ ಮುಖ ಬಾಡಿತು.

ವಿರೇಶ ಮೊದಲ ಅಂಕಿ 7ನ್ನು ಬಿಟ್ಟು ಉಳಿದದ್ದನ್ನೆಲ್ಲ ಬೆರಳಿನಿಂದ ಮುಚ್ಚಿದ. ಆಮೇಲೆ 73, ಆಮೇಲೆ 739. ಒಂದೊಂದನ್ನೂ ಭಾಗಿಸಿ ನೋಡಿದ. 7393ಕ್ಕೆ ಬರುವಷ್ಟರಲ್ಲಿ ಚಹಾ ಆರಿತ್ತು.

"ಬಲಗಡೆಯಿಂದ ಒಂದೊಂದ ಅಂಕಿ ಅಳಿಸಿದ್ರೂ ಉಳಿದದ್ದು ಅವಿಭಾಜ್ಯನ ಇರತೈತಿ. ಹೌದಲ್ರಿ?"

"ಹೌದ್ರಿ!" ರೂಪಾಳ ಮುಖ ಅರಳಿತು. "ಇಂಥಾವುಗಳೊಳಗ ಇದ ಎಲ್ಲಕ್ಕಿಂತ ದೊಡ್ಡದು. ಇದರ ಬಲಕ್ಕ ಇನ್ನ್ಯಾವ ಅಂಕಿ ಹಚ್ಚಿದ್ರೂ ಒಡೀತೈತಿ."

ಅವನು ಮಾತ್ರ ನಗಲಿಲ್ಲ. "ನೀವು ಭಾಗಿಸಿ ನೋಡೀರೇನ್ರಿ?"

"ಇಲ್ರಿ. ಮೊಬೈಲಿನ್ಯಾಗ ಓದೀನಿ."

"ಹಂಗಾದ್ರ 7393ರ ತನಕ ನಂಬತೀನ್ರಿ. ಮುಂದಿಂದು ನೋಡೋತನಕ ನಂಬಂಗಿಲ್ಲ."

"ಹೆಣ್ಣು ನೋಡಾಕ ಬಂದೀಯೋ, ಜಗಳಕ್ಕ ಬಂದೀಯೋ ಲೇ?" ಎಂದು ಅವನ ಅಪ್ಪ ಗದರಿದರು. ರೂಪಾ ಅವನೆದುರು ಚಾಪೆಯ ಮೇಲೆ ಕೂತು, ಚೀಟಿಯನ್ನು ತನ್ನ ಕಡೆ ಎಳೆದುಕೊಂಡು, "73939 ನಾ ನೋಡತೀನ್ರಿ. ನೀವು ತಪ್ಪು ಹಿಡೀರಿ," ಎಂದಳು. ಇಬ್ಬರೂ ನಮ್ಮನ್ನು ಮರೆತೇಬಿಟ್ಟರು.

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನನ್ನ ಬಳಿ ಬಂದಳು. "ಏನಾತೋ ಗಾಳೆಪ್ಪ? ಮುರೀತೇನು?"

"ಇಲ್ಲಕ್ಕ. ಇವ ನನಗಿಂತ ಸಂಶಯದ ಮನಷ್ಯಾ. ಇವಗ ಕೊಡೂನು," ಎಂದೆ.