ಹೊಸ್ತಿಲ ಮೇಲಿನ ಪಿಸ್ತೂಲು

ಅರಸೀಕೆರೆಯ ನಿವೃತ್ತ ಇನ್ಸ್‌ಪೆಕ್ಟರ್ ಷಡಕ್ಷರಪ್ಪನವರ ಮನೆಗೆ ಆ ಬೆಳಿಗ್ಗೆ ಇಬ್ಬರು ಬಂದರು. ಬಿಳಿ ಪಂಚೆಯ ವಯಸ್ಸಾದ ಗಂಡಸು, ಜೊತೆಗೊಬ್ಬಳು ಹುಡುಗಿ. ಬಾಗಿಲು ತೆರೆದ ಕಮಲಾಕ್ಷಮ್ಮ ಇಬ್ಬರನ್ನೂ ಕೂರಿಸಿ, ನೀರು ತಂದು, "ಯಾರು ಬಂದಿದಾರೆ ಅಂತ ನಮ್ಮೆಜಮಾನ್ರಿಗೆ ಹೇಳ್ಲಿ?" ಎಂದು ಕೇಳಿದರು.

"ಹೊನ್ನಯ್ಯ ಅನ್ನಿ ತಾಯಿ. ಸಾಹೇಬ್ರ ಕೈ ಕಡಿದೋನು."

ಕಮಲಾಕ್ಷಮ್ಮನಿಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಗೊತ್ತಾಗಲಿಲ್ಲ. ನೀರಿನ ಚೊಂಬು ಹಿಡಿದವರು ಹಿಡಿದ ಹಾಗೇ ನಿಂತರು.

ಷಡಕ್ಷರಪ್ಪನವರಿಗೆ ಎರಡು ಪದಕಗಳಿದ್ದವು. ಹಳೇಬೀಡಿನ ಕೆರೆಗೆ ಉರುಳಿದ ವ್ಯಾನಿನಿಂದ ಜನರನ್ನು ಎಳೆದು ತಂದದ್ದಕ್ಕೆ ಮೊದಲನೆಯದು. ಎರಡನೆಯದು ಹೊನ್ನಯ್ಯನನ್ನು ಹಿಡಿದದ್ದಕ್ಕೆ. ಜಾವಗಲ್ ಹತ್ತಿರದ ಹಳ್ಳಿಯಲ್ಲಿ ಬದುವಿನ ಜಗಳಕ್ಕೆ ಅಣ್ಣನನ್ನೇ ಕೊಂದ ಹೊನ್ನಯ್ಯ, ತನ್ನ ಪುಟ್ಟ ಮಗಳೊಂದಿಗೆ ಮನೆಯೊಳಗೆ ಸೇರಿ ಮಚ್ಚು ಹಿಡಿದು ಕೂತಿದ್ದ. ಒಬ್ಬರೇ ಒಳಹೋದ ಷಡಕ್ಷರಪ್ಪ ಬಲಗೈಯ ಬೆರಳುಗಳನ್ನು ಕಳೆದುಕೊಂಡು, ಅವನನ್ನು ಹಿಡಿದು ತಂದರು. ಹೊಸ್ತಿಲಲ್ಲಿ ಎಡವಿದಾಗ ಪಿಸ್ತೂಲು ಜಾರಿ ಬಿತ್ತು ಎಂದು ಎಲ್ಲರಿಗೂ ಹೇಳಿದ್ದರು. ಅಂದಿನಿಂದ ಅವರ ಅಂಗಿಯ ಗುಂಡಿ ಹಾಕುತ್ತಿದ್ದುದು ಕಮಲಾಕ್ಷಮ್ಮನೇ. ಹಾಕುವಾಗಲೆಲ್ಲ ಆ ಹೊನ್ನಯ್ಯನನ್ನು ಮನಸಾರೆ ಶಪಿಸುತ್ತಿದ್ದರು.

ಮಾತು ಕೇಳಿ ಷಡಕ್ಷರಪ್ಪನವರೇ ಹೊರಗೆ ಬಂದರು. ಹೊನ್ನಯ್ಯ ಎದ್ದು ಕೈಮುಗಿದ.

"ಸನ್ನಡತೆ ಅಂತ ಬಿಟ್ರು ಸ್ವಾಮಿ. ಇವ್ಳು ನನ್ ಮಗಳು, ನಂದಿತಾ. ಬೇಲೂರಲ್ಲಿ ಮದ್ವೆ ಐತೆ. ಅವತ್ತು ನೀವು ಪಿಸ್ತೂಲು ಕೆಳಗಿಟ್ಟಿದ್ಕೆ ಇವ್ಳು ಉಳುದ್ಲು. ಕರೀದೆ ಹೆಂಗಿರಲಿ?"

"ಇಟ್ಟಿದ್ದಲ್ಲ. ಜಾರಿ ಬಿದ್ದಿದ್ದು," ಎಂದರು ಕಮಲಾಕ್ಷಮ್ಮ.

"ಇಲ್ಲ ತಾಯಿ. ನನ್ ಕಣ್ಣೆದುರಿಗೇ ಬಗ್ಗಿ ಹೊಸ್ತಿಲ ಮ್ಯಾಲಿಟ್ರು. ಬರಿಗೈಲಿ ಬತ್ತೀನಿ, ಮಗೂನ ಬಿಡು ಅಂದ್ರು. ನಾನು ಬೀಸ್ಬಿಟ್ಟೆ."

ಕಮಲಾಕ್ಷಮ್ಮ ಗಂಡನ ಕಡೆ ತಿರುಗಿದರು. ಅವರು ನೆಲ ನೋಡುತ್ತಿದ್ದರು. ನಂದಿತಾ ಮೆಲ್ಲಗೆ, "ನಾನು ಅಪ್ಪನ ಬೆನ್ನಿಗೆ ಅಂಟ್ಕೊಂಡಿದ್ದೆ ಆಂಟಿ," ಎಂದಳು. ಅವಳು ಚಾಚಿದ ಲಗ್ನಪತ್ರಿಕೆಯನ್ನು ಷಡಕ್ಷರಪ್ಪನವರು ಎಡಗೈಯಲ್ಲಿ ತೆಗೆದುಕೊಂಡರು.

ಅಪ್ಪ ಮಗಳು ಹೋದ ಮೇಲೆ ಕಮಲಾಕ್ಷಮ್ಮ ಕುಸಿದು ಕೂತರು.

"ನಿಜವೇನ್ರೀ?"

"ನಿಜ. ಗುಂಡು ಹೊಡೆದಿದ್ರೆ ಮಗೂಗೂ ತಗುಲೋದು. ಇನ್ನೇನೂ ತೋಚ್ಲಿಲ್ಲ."

"ಮನೇಲಿ ನಾನು, ಪುಟ್ಟ ಹೇಮಲತಾ ಇದ್ವಲ್ಲ. ನಾವು ನೆನಪಾಗ್ಲಿಲ್ವಾ?"

ಷಡಕ್ಷರಪ್ಪ ಲಗ್ನಪತ್ರಿಕೆಯನ್ನು ಮೇಜಿನ ಮೇಲಿಟ್ಟರು.

"ಇಲ್ಲ ಕಮಲಾ," ಎಂದರು. "ಆಸ್ಪತ್ರೇಲಿ ನಿನ್ನ ಮುಖ ನೋಡಿದಾಗ್ಲೇ ನೀವು ನೆನಪಾಗಿದ್ದು. ಅದನ್ನ ನಿಂಗೆ ಹೇಗೆ ಹೇಳ್ಲಿ? ಜಾರಿತು ಅಂದ್ಬಿಟ್ಟೆ."

ಆ 'ಇಲ್ಲ' ಎಂಬ ಮಾತು ಕಮಲಾಕ್ಷಮ್ಮನ ಎದೆಗೆ ನಾಟಿತು. ಗಂಡ ಸಾಯಬಹುದಾಗಿತ್ತು ಎಂಬುದನ್ನು ಅವರು ಎಂದೋ ನುಂಗಿಕೊಂಡಿದ್ದರು. ಸಾಯಲು ತಾವಾಗಿಯೇ ಹೋಗಿದ್ದರು, ಹೋಗುವಾಗ ಹೆಂಡತಿ ಮಕ್ಕಳ ನೆನಪೇ ಇರಲಿಲ್ಲ ಎಂಬುದನ್ನು ನುಂಗಲಾಗಲಿಲ್ಲ. ಮರುದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕುವಾಗ ಮುಖವೆತ್ತಲಿಲ್ಲ. ಹಾಸನದಿಂದ ಫೋನು ಮಾಡಿದ ಮಗಳು ಹೇಮಲತಾಳಿಗೂ ಏನೂ ಹೇಳಲಿಲ್ಲ.

ಮದುವೆಗೆ ಮಾತ್ರ ಹೊರಟರು. ತಮ್ಮನ್ನು ಮರೆಸಿದ ಆ ಹುಡುಗಿಯನ್ನು ಇನ್ನೊಮ್ಮೆ ನೋಡಬೇಕೆನಿಸಿತ್ತು.

ಬೇಲೂರಿನ ಕಲ್ಯಾಣಮಂಟಪದಲ್ಲಿ ನಂದಿತಾ ಗಂಡನೊಡನೆ ಬಂದು ಕಾಲಿಗೆರಗಿದಳು. ಕಮಲಾಕ್ಷಮ್ಮ ಅವಳನ್ನು ಎಬ್ಬಿಸಿ, ಕೆನ್ನೆ ಮುಟ್ಟಿ, ಹಿಡಿದ ಭುಜವನ್ನು ಬಹಳ ಹೊತ್ತು ಬಿಡಲಿಲ್ಲ. ಬಾಸಿಂಗದ ಕೆಳಗಿನ ಆ ಬೆಚ್ಚಗಿನ ಮುಖ ಅಂದೇ ಇಲ್ಲವಾಗಬಹುದಿತ್ತು ಎನಿಸಿತು. ಹೊನ್ನಯ್ಯ ಊಟಕ್ಕೆ ಕರೆಯಲು ಬಂದಾಗ ಮಾತ್ರ ಮುಖ ತಿರುಗಿಸಿದರು. ಅವನನ್ನು ಕ್ಷಮಿಸಲು ಅವರಿಂದಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕಮಲಾಕ್ಷಮ್ಮ ಕಿಟಕಿಯತ್ತ ನೋಡುತ್ತಲೇ ಕೇಳಿದರು.

"ಬಗ್ಗಿ ಇಡುವಾಗ ಭಯ ಆಗ್ಲಿಲ್ವಾ?"

"ಆಯ್ತು. ತುಂಬಾನೇ ಆಯ್ತು."

"ಎಲ್ಲಾ ಹೇಳಿ."

ಷಡಕ್ಷರಪ್ಪ ಮೊದಲಿನಿಂದ ಶುರುಮಾಡಿದರು. ಹಳೇಬೀಡು ದಾಟಿದರೂ ಮುಗಿದಿರಲಿಲ್ಲ.