ಹುಲಿಗೆಮ್ಮನ ಎಡಗೈ

ಚೀಕಲಪರ್ವಿಯ ತಿಮ್ಮವ್ವ ಮೊಮ್ಮಗಳು ಹುಲಿಗೆಮ್ಮನಿಗೆ ಅಕ್ಷರಾಭ್ಯಾಸ ಮಾಡಿಸಿದಳು. ನಾಲ್ಕು ವರ್ಷದ ಕೂಸು. ಪರಾತದ ತುಂಬ ಹೊಸ ಅಕ್ಕಿ ಹರಡಿ, "ಅ ಬರಿಯವ್ವಾ" ಅಂದಳು. ಹುಡುಗಿ ಖುಷಿಯಿಂದ ಎಡಗೈ ಚಾಚಿದಳು. ಅಜ್ಜಿ ಆ ಕೈಗೆ ಫಟ್ಟನೆ ಹೊಡೆದಳು. ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು.

ಮರುದಿನದಿಂದ ಹಳೆ ಸೀರೆಯ ತುಂಡಿನಲ್ಲಿ ಮಗುವಿನ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಅಂಗನವಾಡಿಗೆ ಕಳಿಸತೊಡಗಿದಳು. ತಾಯಿ ಮಲ್ಲೇಶ್ವರಿ ಅತ್ತೆಗೆ ಹೆದರಿ ಸುಮ್ಮನೆ ಭತ್ತದ ನಾಟಿಗೆ ಹೋದಳು. ಓಣಿಯವರು ನೋಡಿ ನಕ್ಕರು. ಬಿಚ್ಚಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ.

ಒಂದು ಸಂಜೆ ಅಂಗನವಾಡಿಯ ಮಿನಾಜ್ ಟೀಚರ್ ಮನೆಗೇ ಬಂದರು. ಹುಲಿಗೆಮ್ಮನ ಕೈ ಆಗಲೂ ಸೊಂಟಕ್ಕೆ ಕಟ್ಟಿಯೇ ಇತ್ತು.

"ತಿಮ್ಮವ್ವಾ, ಹುಲಿಗಿ ಬಳಪ ಕಂಡ್ರ ಅಳಾಕತ್ತಾಳ್ರೀ. ನಾ ಕೈ ಬಿಚ್ಚಿದ್ರೂ ಅಂಜಿ ಹಿಂದಕ್ಕ ಮುಚ್ಚಿಡ್ತಾಳ. ಮೊದ್ಲು ಹಾಡು ಹೇಳ್ತಿದ್ಲು, ಈಗ ಮಾತೇ ಇಲ್ಲ."

"ಬಲಗೈ ರೂಢಿ ಆಗಬೇಕಲ್ರೀ ಟೀಚರ್. ಎಡಗೈಲೆ ಬರದ್ರ ಸರಸ್ವತಿ ಮುನೀತಾಳ."

"ಕೆಲವ್ರಿಗೆ ಹುಟ್ಟಿದಾಗಿಂದ ಎಡಗೈನ ಚುರುಕ್ರೀ. ಅದು ರೋಗ ಅಲ್ಲ, ಕೆಟ್ಟ ಚಟಾನೂ ಅಲ್ಲ."

"ಹಂಗಾರ ಅಕ್ಷರ ಹೆಂಗ ಕಲೀತಾಳ?"

"ಅವಸರ ಬ್ಯಾಡ ಯವ್ವಾ. ಮೊದ್ಲು ಕಣ್ಣಿಲೆ ಗುರುತು ಹಿಡೀಲಿ. ಅಕಿ ಹೆಸರಿನ 'ಹ' ಐತಲ್ಲ, ಅದ್ರಿಂದನ ಸುರು ಮಾಡೋಣ. ಮರಳಾಗ ಬೆರಳಾಡಿಸಲಿ, ಹಿಟ್ಟಿನ ಉಂಡಿ ಮಾಡ್ಲಿ, ಬೆರಳು ಗಟ್ಟಿ ಆಗ್ತಾವ. ಬಳಪ ಆಮ್ಯಾಲೆ. ಈಗ ಆ ಗಂಟು ಬಿಚ್ಚರಿ."

ತಿಮ್ಮವ್ವ ಗೊಣಗುತ್ತ ಬಲಗೈಯಿಂದ ಗಂಟು ಜಗ್ಗಿದಳು. ಬರಲಿಲ್ಲ. ಮೈಮರೆತು ಎಡಗೈ ಹಾಕಿದಳು. ಗಂಟು ಸಲೀಸಾಗಿ ಬಿಚ್ಚಿಕೊಂಡಿತು.

"ಅತ್ತಿ, ನಿಮ್ದೂ ಎಡಗೈನ?" ಎಂದಳು ಬಾಗಿಲಲ್ಲಿ ನಿಂತಿದ್ದ ಮಲ್ಲೇಶ್ವರಿ.

ಮುದುಕಿ ಮೊದಲು ಮೊಮ್ಮಗಳ ಕೈ ಪೂರ್ತಿ ಬಿಡಿಸಿದಳು. ಆಮೇಲೆ ತನ್ನ ಎಡಗೈ ತಿರುಗಿಸಿ ತೋರಿಸಿದಳು. ಮಣಿಕಟ್ಟಿನ ಮೇಲೆ ಸುಟ್ಟ ಹಳೆಯ ಕಲೆ.

"ನಮ್ಮಪ್ಪ ಹಾಕಿದ ಬರಿ. ಈ ಕೈಲೆ ಪಾಟಿ ಮ್ಯಾಲ ಬರದಿದ್ದೆ ಅಂತ. ಆವತ್ತಿಂದ ಸಾಲಿ ಕಡಿ ಹೋಗ್ಲಿಲ್ಲ. ಇವತ್ತಿಗೂ ಹೆಬ್ಬಟ್ಟು." ಕಳಚಿದ ಸೀರೆಯ ತುಂಡನ್ನು ಟೀಚರ್ ಮುಂದೆ ಹಿಡಿದಳು. "ನಾ ಬರಿ ಹಾಕಿಲ್ಲ, ಬರೇ ಅರಿವಿ ಕಟ್ಟೀನಿ, ನಂದೇನು ತಪ್ಪಿಲ್ಲ ಅನ್ಕೊಂಡಿದ್ನವ್ವಾ."

ಟೀಚರ್ ಪರಾತದಲ್ಲಿ ಮರಳು ಹರಡಿ 'ಹ' ಬರೆದರು. ಹುಲಿಗೆಮ್ಮ ಎಡಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ಅಜ್ಜಿಯ ಮುಖ ನೋಡಿದಳು. ಆಗ ತಿಮ್ಮವ್ವ ಸುಟ್ಟ ಕಲೆಯ ಕೈಯನ್ನೇ ಮುಂದೆ ಮಾಡಿ ಮರಳಿನಲ್ಲಿ ಆ ಗೆರೆ ತಿದ್ದಿದಳು. "ಬಾ, ಹೊಡಿಯಾಂಗಿಲ್ಲ" ಅಂದಳು.

ಆ ದಿನ ಕೂಸು ಬರಲಿಲ್ಲ.

ಈಗ ಬರುತ್ತಾಳೆ. ಅಜ್ಜಿಯೂ ಮೊಮ್ಮಗಳೂ ಒಂದೇ ಪರಾತದ ಮುಂದೆ ಕೂಡುತ್ತಾರೆ. ಹುಲಿಗೆಮ್ಮ 'ಹ' ಗುರುತಿಸುತ್ತಾಳೆ, ಎಡಗೈಯಲ್ಲೇ ತಿದ್ದುತ್ತಾಳೆ. ಆದರೆ ಯಾರಾದರೂ ಜೋರಾಗಿ ಕೈ ಎತ್ತಿದರೆ ಸಾಕು, ಅವಳ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಆ ಅಂಜಿಕೆ ಇನ್ನೂ ಹೋಗಿಲ್ಲ.

ತಾಯಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಮಗು ಯಾವ ಕೈ ಚಾಚಿದರೂ ಆ ಕೈಗೇ ಬಳಪ ಕೊಡಿ. ಹೊಡೆಯಬೇಡಿ, ಕಟ್ಟಬೇಡಿ, ಅವಸರ ಮಾಡಬೇಡಿ. ಮರಳಿನಲ್ಲಿ ತಿದ್ದಿದ ಅಕ್ಷರ ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದು. ತಿಮ್ಮವ್ವನ ಕೈಮೇಲಿನ ಕಲೆ ಇವತ್ತಿಗೂ ಅಳಿಸಿಲ್ಲ.